ಪುಕ್ಕಟೆ ಸೊಳ್ಳೆಪರದೆ ಮೂಲೆ ಸೇರುತ್ತದೆಯೇ?

ಪುಕ್ಕಟೆ ಕೊಟ್ಟ ಸೊಳ್ಳೆಪರದೆಯನ್ನು ಜನ ಬಳಸುವುದಿಲ್ಲ, ಸ್ವಲ್ಪವಾದರೂ ಬೆಲೆ ಇಡಬೇಕು ಎಂಬ ವಾದಕ್ಕೆ ಆಧಾರವಿದೆಯೇ ಎಂದು ಕೇಳಿದ್ದೀರಿ. ಇದನ್ನು ಕೀನ್ಯಾದಲ್ಲಿ ನೇರವಾಗಿಯೇ ಪರೀಕ್ಷಿಸಿದ್ದಾರೆ. ಅರ್ಥಶಾಸ್ತ್ರಜ್ಞರಾದ ಜೆಸ್ಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ದ್ಯುಪಾ ಅವರ ಆ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗರ್ಭಿಣಿಯರ ತಪಾಸಣೆಯ ಕ್ಲಿನಿಕ್‌ಗಳಿಗೆ ಪರದೆಯ ಬೆಲೆಯನ್ನು ಲಾಟರಿ ಎತ್ತಿದಂತೆ ಹಂಚಿದರು: ಕೆಲವೆಡೆ ಸೊನ್ನೆ, ಉಳಿದೆಡೆ 40 ಶಿಲ್ಲಿಂಗ್‌ವರೆಗೆ. ಈ ಲಾಟರಿಯೇ ಜೀವಾಳ. ಬಡ ಊರಿಗೆ ಪುಕ್ಕಟೆ, ಉಳ್ಳವರ ಊರಿಗೆ ಬೆಲೆ ಎಂದಿದ್ದರೆ, ಬಳಕೆಯ ವ್ಯತ್ಯಾಸ ಬೆಲೆಯಿಂದಲೋ ಬಡತನದಿಂದಲೋ ತಿಳಿಯುತ್ತಲೇ ಇರಲಿಲ್ಲ.

ಇನ್ನೊಂದು ಜಾಣತನ ಅಳತೆಯಲ್ಲಿದೆ. "ಬಳಸುತ್ತೀರಾ?" ಎಂದು ಕೇಳಿದರೆ ಹೌದು ಎನ್ನುವುದು ಸುಲಭ. ಹಾಗಾಗಿ ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ, ಪರದೆ ನಿಜಕ್ಕೂ ಕಟ್ಟಿದೆಯೇ ಎಂದು ಕಣ್ಣಾರೆ ನೋಡಿದರು. ದುಡ್ಡು ಕೊಟ್ಟವರೇನೂ ಹೆಚ್ಚು ಬಳಸುತ್ತಿರಲಿಲ್ಲ. ಆದರೆ ಬೆಲೆ ಸೊನ್ನೆಯಿಂದ 40ಕ್ಕೇರಿದಾಗ ಪರದೆ ಪಡೆದವರ ಪ್ರಮಾಣ 60 ಶೇಕಡಾ ಅಂಶಗಳಷ್ಟು, ಅಂದರೆ ಪ್ರತಿ ನೂರು ಮಂದಿಯಲ್ಲಿ 60 ಮಂದಿಯಷ್ಟು, ಕುಸಿಯಿತು. ಈ ಎರಡನ್ನೂ ಜೊತೆಗಿಟ್ಟು ನೋಡದೆ ಬೆಲೆ ನಿಗದಿ ಮಾಡುವುದು ದೊಡ್ಡ ತಪ್ಪು.

ಒಂದು ಎಚ್ಚರ: ಇದು ಮಲೇರಿಯಾ ಕಾಡುವ ಜಾಗದ ಫಲಿತಾಂಶ. ನೀರಿನ ಫಿಲ್ಟರಿಗೋ ಹೊಗೆರಹಿತ ಒಲೆಗೋ ಇದನ್ನೇ ಎತ್ತಿ ಅಂಟಿಸಬೇಡಿ. ದಿನವೂ ಶ್ರಮ ಬೇಡುವ ವಸ್ತುವಿನ ಬಳಕೆಯನ್ನು ಪ್ರತ್ಯೇಕವಾಗಿ ಅಳೆಯಲೇಬೇಕು.