ಮಿಡತೆಯ ನರಕೋಶಗಳು ಊದುತ್ತವೆ, ಗಾಜಿಗೆ ಅಂಟುವುದಿಲ್ಲ: ಎಲ್ಲಿ ತಪ್ಪುತ್ತಿದೆ?
ಪಿಬಿಎಸ್‌ (ಫಾಸ್ಫೇಟ್ ಬೆರೆತ ಉಪ್ಪಿನ ದ್ರಾವಣ) ನಲ್ಲಿ ಬಿಡಿಸಿದ ಕೋಶಗಳು ಬೇಗ ಊದಿಕೊಳ್ಳುತ್ತವೆ, ಉಳಿದವು ಸೀರಮ್ (ರಕ್ತದ ತಿಳಿ ಭಾಗ) ಹಾಕಿದ ಮೀಡಿಯಂನಲ್ಲಿ, ಅಂದರೆ ಕೋಶ ಬೆಳೆಸುವ ಪೋಷಕ ದ್ರವದಲ್ಲಿ, ತೇಲಾಡುತ್ತವೆ ಎಂದಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು.

ಊದುವುದಕ್ಕೆ ನನ್ನ ಮೊದಲ ಅನುಮಾನ ಪಿಬಿಎಸ್ ಮೇಲೆಯೇ. ಅದರ ಸಾಂದ್ರತೆ ಸಸ್ತನಿಗಳ ರಕ್ತಕ್ಕೆ ಹೊಂದುವಂಥದ್ದು. ಮಿಡತೆಯ ಹೀಮೊಲಿಂಫ್ (ಕೀಟದ ರಕ್ತ) ಇನ್ನೂ ಗಾಢ. ಹೀಗಾಗಿ ನೀರು ಕೋಶದೊಳಕ್ಕೆ ನುಗ್ಗುತ್ತದೆ. ಮಾಮೂಲಿ ಪಿಬಿಎಸ್‌ನಲ್ಲಿ ಕ್ಯಾಲ್ಸಿಯಂ ಕೂಡ ಇರುವುದಿಲ್ಲ, ಅದಿಲ್ಲದೆ ಅಂಗಾಂಶ ಬಿಡಿಸುವ ಕಿಣ್ವ ಕೊಲಾಜಿನೇಸ್ ಸರಿಯಾಗಿ ಕೆಲಸ ಮಾಡದು. ಛೇದನದಿಂದಲೇ ಲೀಬೊವಿಟ್ಸ್ ಎಲ್-15 ಎಂಬ ಮೀಡಿಯಂ ಬಳಸಿ, ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಬೆರೆಸಿ.

ಎದೆಭಾಗದ ಗ್ಯಾಂಗ್ಲಿಯಾನ್‌ಗಳನ್ನು (ನರಗಂಟುಗಳನ್ನು) ತೆಗೆದು, ಅಂಟಿದ ಕೊಬ್ಬನ್ನೂ ಶ್ವಾಸನಾಳಗಳನ್ನೂ ಬಿಡಿಸಿ. ಕೋಶಕಾಯಗಳು ಹೊರಪದರದಲ್ಲೇ ಇದ್ದರೂ ಮೇಲೊಂದು ಗಟ್ಟಿ ಪೊರೆ ಇರುತ್ತದೆ. ಅದನ್ನು ಸಡಿಲಿಸಲು ಕೊಲಾಜಿನೇಸ್/ಡಿಸ್ಪೇಸ್ ಕಿಣ್ವ ಮಿಲಿಲೀಟರಿಗೆ 2 ಮಿಗ್ರಾಂ, 27 ಡಿಗ್ರಿಯಲ್ಲಿ ಸುಮಾರು 30 ನಿಮಿಷ. ಚೆನ್ನಾಗಿ ತೊಳೆದು, ಬಾಯಿಯನ್ನು ಜ್ವಾಲೆಯಲ್ಲಿ ನುಣುಪಾಗಿಸಿದ ಪಾಶ್ಚರ್ ಪಿಪೆಟ್‌ನಲ್ಲಿ ಮೆಲ್ಲಗೆ ಎಳೆದು ಬಿಡಿ. ದ್ರವ ತುಸು ಮಬ್ಬಾದರೆ ಸಾಕು, ನಿಲ್ಲಿಸಿ. ನೊರೆ ಬಂತೆಂದರೆ ಕೋಶಗಳು ಹರಿದವು ಎಂದೇ ಲೆಕ್ಕ.

ಇನ್ನು ಅಂಟುವ ಮಾತು. ಗಾಜಿಗೆ ಕಾಂಕನಾವಲಿನ್-ಎ (ಕೋಶದ ಮೇಲಿನ ಸಕ್ಕರೆ ಅಣುಗಳನ್ನು ಹಿಡಿಯುವ ಪ್ರೋಟೀನ್) ಲೇಪಿಸಿ, ಕೋಶಗಳನ್ನು ಸೀರಮ್ ಇಲ್ಲದ ಎಲ್-15ರಲ್ಲಿ ಹಾಕಿ ಎರಡು ಗಂಟೆ ಅಲ್ಲಾಡಿಸದೆ ಬಿಡಿ. ಆಮೇಲಷ್ಟೇ 5% ಸೀರಮ್. ಮೊದಲೇ ಹಾಕಿದರೆ ಸೀರಮ್‌ನ ಗ್ಲೈಕೊಪ್ರೋಟೀನುಗಳು (ಸಕ್ಕರೆ ಅಂಟಿದ ಪ್ರೋಟೀನುಗಳು) ಕೋಶ ಹಿಡಿಯಬೇಕಾದ ಜಾಗವನ್ನು ತಾವೇ ಹಿಡಿದುಬಿಡುತ್ತವೆ.

ಎಲ್-15 ಅನ್ನು ಅಭ್ಯಾಸಬಲದಿಂದ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರಿಗೆ ಇಡುವವರಿದ್ದಾರೆ. ಅಲ್ಲಿ ಅದು ಹುಳಿಯಾಗಿ ಹಳದಿಗೆ ತಿರುಗುತ್ತದೆ. ಸಾದಾ ಗಾಳಿ, 27 ಡಿಗ್ರಿ, ಪೆಟ್ಟಿಗೆಯೊಳಗೆ ಒದ್ದೆ ಫಿಲ್ಟರ್ ಕಾಗದ, ಇಷ್ಟೇ ಬೇಕು.

ಕೋಶಗಳನ್ನು ನೋಡಲು ಇನ್ವರ್ಟೆಡ್ (ತಳದಿಂದ ನೋಡುವ) ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ 20 ಅಥವಾ 40 ಪಟ್ಟಿನ ಮಸೂರ ಸಾಲುತ್ತದೆ. 0.17 ಮಿಮೀ ಗಾಜಿಗೆ ತಿದ್ದಿದ 40ರ ಮಸೂರವಾದರೆ ದಪ್ಪ ಪ್ಲಾಸ್ಟಿಕ್ ತಳದಲ್ಲಿ ಚಿತ್ರ ಮಸುಕು. ಆಗ ಗಾಜಿನ ತಳದ ಡಿಶ್ ತೆಗೆದುಕೊಳ್ಳಿ. ಜೀವಂತ ನರಕೋಶ ದುಂಡಗಿದ್ದು ಅಂಚಿನಲ್ಲಿ ಬೆಳಕಿನ ಬಳೆ ಕಾಣುತ್ತದೆ. ಗಾಜಿನ ಮೇಲೆ ಬೇಗನೆ ಚಪ್ಪಟೆಯಾಗಿ ಹರಡಿಕೊಳ್ಳುವವು ಬಹುಪಾಲು ರಕ್ತಕೋಶಗಳು, ಅವನ್ನು ನರಕೋಶವೆಂದು ಎಣಿಸಬೇಡಿ. ಬಳೆ ಮಾಸಿ ನ್ಯೂಕ್ಲಿಯಸ್ ಎದ್ದು ಕಂಡರೆ ಕೋಶ ಸತ್ತಿರಬಹುದು. ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿದರೆ ಸತ್ತದ್ದು ನೀಲಿಯಾಗುತ್ತದೆ. ಹೊಸ ತಂತುಗಳು ಮೊದಲ ದಿನವೇ ಕಾಣಲಿಲ್ಲವೆಂದು ಡಿಶ್ ಚೆಲ್ಲಬೇಡಿ, ಅವು ಚಿಗುರಲು ಕೆಲವು ದಿನ ಹಿಡಿಯಬಹುದು.