ನಾದಬ್ರಹ್ಮ ಬಿಡಿ, ಬಂಡೆಯ ಬಗ್ಗೆ ಬರೆಯಿರಿ

ನಮಸ್ಕಾರ,

‘ಜೋಜೋಸ್ ಬಿಜಾರ್ ಅಡ್ವೆಂಚರ್’ ಎಂಬ ಮಾಂಗಾದ (ಜಪಾನಿನ ಚಿತ್ರಕಥೆ) ನಾಲ್ಕನೇ ಭಾಗದ ಹುಡುಗ ಕೊಯಿಚಿ ಹಿರೋಸೆ ಮತ್ತು ಮೂರು ರೂಪ ತಾಳುವ ಅವನ ‘ಎಕೋಸ್’ ಎಂಬ ಅಲೌಕಿಕ ಶಕ್ತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕೋಕೆ ಆಗೋದಿಲ್ಲ. ಹಾಗಂತ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಎರಡನೇ ಪುಟದ ಕೊನೆಯಲ್ಲಿ ‘ಕೊಯಿಚಿ ಶಬ್ದವನ್ನು ಬಂಡೆಗೆ ಅಂಟಿಸಿಬಿಡುತ್ತಾನೆ’ ಅಂತ ಬರೆದಿದ್ದೀರಿ. ನಿಮ್ಮ ಲೇಖನ ಇರುವುದೇ ಆ ಸಾಲಿನಲ್ಲಿ. ನೀವು ಅದನ್ನು ಬರೆದು, ತಿರುಗಿಯೂ ನೋಡದೆ ಮುಂದೆ ಹೋಗಿದ್ದೀರಿ.

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ಮೊದಲ ಪುಟ ಪೂರ್ತಿ ನಾದಬ್ರಹ್ಮ, ಓಂಕಾರ, ದೀಪಕ ರಾಗ ಹಾಡಿ ದೀಪ ಹಚ್ಚಿದ ತಾನ್‌ಸೇನ್ ಕಥೆ. ಕೊಯಿಚಿಯ ಹೆಸರು ಬರುವ ಹೊತ್ತಿಗೆ ಓದುಗ ಎದ್ದು ಕಾಫಿ ಮಾಡಿಕೊಳ್ಳಲು ಹೋಗಿರುತ್ತಾನೆ. ಆಮೇಲೆ ಡೆಸಿಬೆಲ್ ಪಾಠ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ನಿಜ. ಅದಕ್ಕೂ ಎಕೋಸ್‌ಗೂ ಏನು ಸಂಬಂಧ? ಕೊಯಿಚಿ ಕಿರುಚಿ ಗೋಡೆ ಒಡೆಯುವ ಹುಡುಗ ಅಲ್ಲ. ಅಂಥವರು ಬೇರೆ ಕಡೆ ಇದ್ದಾರೆ. ‘ಮೈ ಹೀರೋ ಅಕಾಡೆಮಿಯಾ’ ಎಂಬ ಇನ್ನೊಂದು ಮಾಂಗಾದ ಪ್ರೆಸೆಂಟ್ ಮೈಕ್‌ಗೆ ಅವನ ಗಂಟಲೇ ಆಯುಧ. ಅದೇ ಕಥೆಯ ಜಿರೋ ಎಂಬ ಹುಡುಗಿಯ ಕಿವಿಯಿಂದ ಇಯರ್‌ಫೋನ್ ವೈರು ಇಳಿಬಿದ್ದಿರುತ್ತದೆ, ಅದನ್ನು ಚುಚ್ಚಿ ತನ್ನ ಎದೆಬಡಿತವನ್ನೇ ಎದುರಾಳಿಗೆ ಹಾಯಿಸುತ್ತಾಳೆ. ಅವರ ಬಗ್ಗೆ ಬರೆಯುವಾಗ ನಿಮ್ಮ ಭೌತಶಾಸ್ತ್ರ ಬೇಕಾದರೆ ಇಟ್ಟುಕೊಳ್ಳಿ.

ಕೊಯಿಚಿಯ ವಿಷಯವೇ ಬೇರೆ. ಮಾಂಗಾದ ಪುಟಕ್ಕೆ ದನಿ ಇಲ್ಲ, ಅಲ್ವಾ? ಬಾಗಿಲು ಬಡಿದರೂ ಮಳೆ ಬಂದರೂ ಎಲ್ಲವೂ ಚಿತ್ರದ ಮೇಲೆ ದಪ್ಪಗೆ ಬಿಡಿಸಿದ ಅಕ್ಷರ. ಈ ಸರಣಿಯಲ್ಲಂತೂ ಏನೋ ಕೆಟ್ಟದ್ದು ಕಾದಿದೆ ಅನ್ನುವಾಗೆಲ್ಲ ‘ಗೊ ಗೊ ಗೊ ಗೊ’ ಎಂದು ಸಾಲುಸಾಲಾಗಿ ನಿಲ್ಲುತ್ತದೆ. ಆ ಅಕ್ಷರ ಕಾಣುವುದು ಓದುವ ನಮಗೆ. ಪಾತ್ರಗಳು ಅದರ ಮುಂದೆಯೇ ಓಡಾಡುತ್ತವೆ, ಅವಕ್ಕೆ ಕಾಣುವುದಿಲ್ಲ. ಇದನ್ನು ಬರೆದು ಬಿಡಿಸಿದ ಹಿರೋಹಿಕೊ ಅರಾಕಿ ಮಾಡಿದ ಕಿತಾಪತಿ ಏನೆಂದರೆ, ಆ ಅಕ್ಷರವನ್ನು ಪುಟದಿಂದ ಕಿತ್ತು ಒಬ್ಬ ಕುಳ್ಳ ಹೈಸ್ಕೂಲ್ ಹುಡುಗನ ಕೈಗೆ ಕೊಟ್ಟಿದ್ದು. ಎಕೋಸ್ ತಗಲಿದ ಕಡೆ ಶಬ್ದ ಅಕ್ಷರವಾಗಿ ಅಂಟಿಕೊಳ್ಳುತ್ತದೆ, ಅಲ್ಲೇ ಮೊಳಗುತ್ತದೆ. ಚಿತ್ರ ಮತ್ತು ಅಕ್ಷರ ಒಂದೇ ಪುಟದಲ್ಲಿ ಇರುವ ಕಲೆಯಲ್ಲಿ ಮಾತ್ರ ಹುಟ್ಟಬಹುದಾದ ಶಕ್ತಿ ಇದು. 2016ರಲ್ಲಿ ಇದರ ಅನಿಮೆ (ಆನಿಮೇಷನ್ ಸರಣಿ) ಬಂದಾಗ ಅಲ್ಲಿ ನಿಜವಾದ ದನಿಯೇ ಇತ್ತು. ಆದರೂ ಅಕ್ಷರಗಳನ್ನು ತೆರೆಯ ಮೇಲೆ ಬಿಡಿಸಲೇಬೇಕಾಯಿತು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಇಷ್ಟೊಂದು ಸಲ ಓದಿದ್ದೇನೆ ಎನ್ನುವ ನೀವು ಇದನ್ನು ಹೇಗೆ ಬಿಟ್ಟಿರೋ!

ಎರಡನೇ ದೂರು: ಒಂದೂ ದೃಶ್ಯ ಇಲ್ಲ, ಬರೀ ‘ಅದ್ಭುತ’, ‘ರೋಮಾಂಚಕ’. ತಮಾಮಿ ಪ್ರಸಂಗ ತಗೊಳ್ಳಿ. ಕೊಯಿಚಿಯ ಸೈಕಲ್ಲಿಗೆ ಸಿಕ್ಕಿ ಬೆಕ್ಕು ಸತ್ತಿತು ಅಂತ ನಾಟಕ ಆಡಿ ದುಡ್ಡು ಕೀಳುವ ಆಸಾಮಿ ಅವನು. ತಪ್ಪು ಮಾಡಿದೆ ಅನ್ನಿಸಿದವರ ಎದೆಗೆ ಅವನ ಶಕ್ತಿ ಬೀಗವಾಗಿ ನೇತುಬೀಳುತ್ತದೆ. ಅಳುಕು ಜಾಸ್ತಿ ಆದಷ್ಟೂ ಭಾರ ಜಾಸ್ತಿ. ಅವನು ಕೊಯಿಚಿಯ ಮನೆಗೇ ಬಂದು ಅವನ ತಾಯಿಯ ಎದೆಗೂ ಬೀಗ ಹಾಕಿದಾಗ ಕೊಯಿಚಿ ಅವನ ಮೇಲೆ ಬೀಳುವುದಿಲ್ಲ. ‘ನನ್ನ ನಂಬು’ ಎಂಬ ಮಾತನ್ನು ತಾಯಿಗೆ ಅಂಟಿಸುತ್ತಾನೆ. ಆ ಮಾತು ಅವಳೊಳಗೆ ಮೊಳಗುತ್ತದೆ. ಅಮ್ಮನಿಗೆ ಮಗ ಎಷ್ಟು ಸಲ ಹೇಳಿದರೂ ಕಿವಿಗೆ ಬೀಳದ ಮಾತು ಅದು. ಇದನ್ನು ಬಿಟ್ಟು ‘ಎದುರಾಳಿಯನ್ನು ಮಣಿಸಿದನು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ?

ಇನ್ನು ಆ ಬಂಡೆ. ಕೊಯಿಚಿಯ ಮೇಲೆ ಮನಸ್ಸಿಟ್ಟ ಯುಕಾಕೊ ಎಂಬ ಹುಡುಗಿ ಅವನನ್ನು ಎತ್ತಿಕೊಂಡು ಹೋಗಿ ಕಡಲ ದಂಡೆಯ ಮನೆಯಲ್ಲಿ ಕೂಡಿಹಾಕಿರುತ್ತಾಳೆ. ಓದಿಸಿ ಜಾಣ ಮಾಡುತ್ತೇನೆ ಅನ್ನುವ ಹುಚ್ಚು ಪ್ರೀತಿ. ಎಕೋಸ್‌ನ ಎರಡನೇ ರೂಪ ಹೊರಬರುವುದು ಅಲ್ಲೇ. ಈಗ ಅಕ್ಷರ ಬರೀ ಕೇಳಿಸುವುದಿಲ್ಲ, ಮುಟ್ಟಿದವರಿಗೆ ಅದರ ಅರ್ಥವೇ ತಟ್ಟುತ್ತದೆ. ಜಗಳದ ಕೊನೆಗೆ ಅವಳು ಬಂಡೆಯಂಚಿನಿಂದ ಕೆಳಗೆ ಬೀಳುತ್ತಾಳೆ. ಕೆಳಗಿನ ಕಲ್ಲಿಗೆ ಕೊಯಿಚಿ ‘ಬೊಯೊಯೋನ್’ (ಪುಟಿಯುವ ಸದ್ದು) ಅಂತ ಮೊದಲೇ ಅಂಟಿಸಿಟ್ಟಿದ್ದಾನೆ. ಕಲ್ಲು ಅವಳನ್ನು ಪುಟಿಸಿ ಮೇಲಕ್ಕೆ ಎಸೆಯುತ್ತದೆ. ಕೂಡಿಹಾಕಿದವಳನ್ನೇ ಉಳಿಸಲು ಮುಂಚೆಯೇ ಯೋಚಿಸಿದ್ದ ಹುಡುಗ ಅವನು. ಇಲ್ಲಿ ಶಕ್ತಿಯೂ ಗೊತ್ತಾಗುತ್ತದೆ, ಮನುಷ್ಯನೂ ಗೊತ್ತಾಗುತ್ತಾನೆ. ಅರ್ಧ ಲೇಖನ ಇದಕ್ಕೇ ಕೊಡಿ. (ನೀವು ಬರೆದಿರುವ ‘ಬೋಯಿಂಗ್’ ಮಾತ್ರ ಬೇಡ. ನಮ್ಮ ಓದುಗರಿಗೆ ವಿಮಾನ ಕಣ್ಣಮುಂದೆ ಬರುತ್ತದೆ.)

ಒಂದು ಕಡೆ ತಪ್ಪೇ ಇದೆ. ‘ಮೂರೂ ರೂಪಗಳು ಶಬ್ದದ ಶಕ್ತಿಗಳು’ ಅಂದಿದ್ದೀರಿ. ಮೂರನೆಯದು ಶಬ್ದವನ್ನು ಬಿಟ್ಟೇ ಬಿಡುತ್ತದೆ. ಅದು ವಸ್ತುವನ್ನು ಭಾರ ಮಾಡುತ್ತದೆ. ಈ ಭಾಗದ ಖಳನಾಯಕ ಕಿರಾ ಬಿಟ್ಟ ಪುಟ್ಟ ಟ್ಯಾಂಕಿನಂಥ ಬಾಂಬು ನೆಲಕ್ಕೆ ಕಚ್ಚಿಕೊಂಡಾಗ, ದೂರದಲ್ಲಿದ್ದ ಕಿರಾನ ಎಡಗೈಯೂ ಭಾರವಾಗಿ ಜಗ್ಗುತ್ತದೆ, ಯಾಕೆಂದರೆ ಆ ಬಾಂಬು ಬಂದದ್ದೇ ಆ ಕೈಯಿಂದ. ಮೊದಲೆರಡು ರೂಪಗಳು 50 ಮೀಟರ್ ದೂರ ಹೋಗುತ್ತಿದ್ದವು, ಇದು 5 ಮೀಟರ್ ದಾಟುವುದಿಲ್ಲ. ಬಲ ಬಂತು, ತಲುಪುವ ದೂರ ಕಮ್ಮಿಯಾಯಿತು. ಅರಾಕಿ ಯಾಕೆ ಶಬ್ದವನ್ನು ಕೈಬಿಟ್ಟರು ಅಂತ ನಿಮಗೆ ಅನ್ನಿಸುವುದನ್ನು ಬರೆಯಿರಿ. ನನಗಂತೂ ಅಲ್ಲಿ ಎಕೋಸ್ ಸ್ವಲ್ಪ ಸಪ್ಪೆಯಾಯಿತು ಅನ್ನಿಸುತ್ತದೆ, ನೀವು ಒಪ್ಪಬೇಕಿಲ್ಲ.

ಎಕೋಸ್‌ನ ಬಲ, ವೇಗಗಳಿಗೆ ದರ್ಜೆ ಕೊಟ್ಟ ಪಟ್ಟಿ ತೆಗೆಯಿರಿ. ಅದು ಎಲ್ಲೋ ಎತ್ತಿಕೊಂಡದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಅದೂ ಅಲ್ಲದೆ, ಮೊದಲ ರೂಪದ ವಿನಾಶ ಶಕ್ತಿಗೆ ‘ಇ’ ದರ್ಜೆ ಅಂತ ಪಟ್ಟಿಯಲ್ಲಿ ಹಾಕಿ, ಅದರ ಕೆಳಗೇ ಅವನನ್ನು ‘ಅಜೇಯ’ ಅಂದರೆ ಹೇಗೆ? ‘ಇ’ ಅಂದರೆ ಕೆಳಗಿನ ಮೆಟ್ಟಿಲು. ಹೊಡೆಯಲು ಬಾರದವನು ಹೇಗೆ ಗೆದ್ದ ಅನ್ನುವುದೇ ತಾನೇ ಕಥೆ?

ಮಾಂಗಾ ಓದದವರಿಗೂ ಅರ್ಥವಾಗಬೇಕು. ಅದಕ್ಕೆ ಎರಡು ಸಾಲು ಸಾಕು: 1992ರಿಂದ 1995ರವರೆಗೆ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಬಂದ ಭಾಗ, 1999ರ ಮೊರಿಯೋ ಎಂಬ ಕಲ್ಪಿತ ಊರು, ಅದಕ್ಕೆ ಮಾದರಿ ಅರಾಕಿಯ ಸ್ವಂತ ಊರು ಸೆಂಡೈ. ಬಾಣ ತಗಲಿ ಕೊಯಿಚಿಗೆ ಶಕ್ತಿ ಬಂದದ್ದನ್ನು ಇನ್ನೊಂದು ಸಾಲಲ್ಲಿ ಹೇಳಿಬಿಡಿ.

ಸಾವಿರ ಪದ ಮೀರಬೇಡಿ. ನೀವು ಜೊತೆಗೆ ಕಳಿಸಿದ ಸ್ಕ್ಯಾನ್ ಪುಟಗಳನ್ನು ನಾವು ಹಾಕುವಂತಿಲ್ಲ, ಹಕ್ಕು ಪ್ರಕಾಶಕರದ್ದು. ಹಾಗಾಗಿ ಕಲ್ಲಿನ ಮೇಲೆ ಅಕ್ಷರ ಹೇಗೆ ಕೂತಿದೆ, ಎಷ್ಟು ದೊಡ್ಡದು, ಅವಳು ಬಿದ್ದಾಗ ಏನಾಯಿತು, ಎಲ್ಲವನ್ನೂ ನಿಮ್ಮ ಮಾತಿನಲ್ಲೇ ಕಾಣಿಸಬೇಕು. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.

— ಸಂಪಾದಕ