ಉದ್ಯೋಗ ಹೆಚ್ಚಿಸಲು ಸರ್ಕಾರ ಕಂಪನಿ ಮುಖ್ಯಸ್ಥರ ಸಲಹೆ ಕೇಳುವುದು ಯಾಕೆ? ಅದರಿಂದ ಏನಾದರೂ ಆಗುತ್ತಾ?

ಹೊಸ ಐಡಿಯಾ ಕಾರ್ಖಾನೆಗೆ ಬರುವ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ, ಅದಕ್ಕೇ ಕೇಳುತ್ತಾರೆ. ಸಲಹೆ ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಇದ್ದರೆ ಫಲವೂ ಸಿಗುತ್ತದೆ.

ಅಮೆರಿಕದ ಉದಾಹರಣೆ ನೋಡಿ. 2011ರಲ್ಲಿ ಅಧ್ಯಕ್ಷ ಒಬಾಮಾ ತಯಾರಿಕಾ ವಲಯಕ್ಕೆ ಒಂದು ಸಲಹಾ ತಂಡ ಮಾಡಿದರು. ಡೌ ಕೆಮಿಕಲ್ ಮುಖ್ಯಸ್ಥ ಆಂಡ್ರ್ಯೂ ಲಿವೆರಿಸ್ ಮತ್ತು ಎಂಐಟಿ ಅನ್ನುವ ತಂತ್ರಜ್ಞಾನ ವಿಶ್ವವಿದ್ಯಾಲಯದ ಅಧ್ಯಕ್ಷೆ ಸೂಸನ್ ಹಾಕ್‌ಫೀಲ್ಡ್ ಅದನ್ನು ಮುನ್ನಡೆಸಿದರು. ಅವರು ತೋರಿಸಿದ ತೊಡಕು ಇದು: ಲ್ಯಾಬ್‌ನಲ್ಲಿ ಒಂದು ಮಾದರಿ ಮಾಡುವುದು ಸುಲಭ, ಸಾವಿರಗಟ್ಟಲೆ ಮಾಡುವುದನ್ನು ಕಲಿಯುವುದು ದುಬಾರಿ. ಒಂದು ಕಂಪನಿ ದುಡ್ಡು ಸುರಿದು ಕಲಿತರೆ ಪಕ್ಕದವನೂ ನೋಡಿ ಕಲಿಯುತ್ತಾನೆ. ಹೀಗಿರುವಾಗ ಮೊದಲು ಯಾರು ಖರ್ಚು ಮಾಡುತ್ತಾರೆ, ಅಲ್ವಾ?

ಪರಿಹಾರ: ಸರ್ಕಾರ, ಕಂಪನಿ, ಕಾಲೇಜು ಸೇರಿ ಖರ್ಚು ಹಂಚಿಕೊಳ್ಳುವ ಕೇಂದ್ರಗಳು. ಮೊದಲನೆಯದು 2012ರಲ್ಲಿ ಒಹಾಯೊದ ಯಂಗ್ಸ್‌ಟೌನ್‌ನಲ್ಲಿ ಶುರುವಾಯಿತು. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಊರು ಅದು. ಬೀಗ ಬಿದ್ದಿದ್ದ ಗೋದಾಮೊಂದರಲ್ಲಿ 3ಡಿ ಪ್ರಿಂಟರ್‌ಗಳು ಬಂದವು: ಪದರದ ಮೇಲೆ ಪದರ ಕೂರಿಸಿ ಬಿಡಿಭಾಗ ಕಟ್ಟುವ ಯಂತ್ರಗಳು. ಸಣ್ಣ ಕಂಪನಿಯವರೂ ಸದಸ್ಯರಾಗಿ ಕಲಿಯಬಹುದು.

ಆದರೆ ಮಾಲೀಕರ ಮಾತೊಂದೇ ಸಾಲದು. ತೆರಿಗೆ ಇಳಿಸಿ ಅನ್ನುವುದೂ ಅವರ ಸಲಹೆಯಲ್ಲಿ ಸೇರಿರುತ್ತದೆ. ಮುಂದೆ ಮಾಡಿದ ಎರಡನೇ ತಂಡದಲ್ಲಿ ಉಕ್ಕು ಕಾರ್ಮಿಕರ ಸಂಘದ ಅಧ್ಯಕ್ಷ ಲಿಯೋ ಜೆರಾರ್ಡ್ ಅವರನ್ನೂ ಕೂರಿಸಿದ್ದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಯಂತ್ರದ ಮುಂದೆ ದಿನವಿಡೀ ನಿಲ್ಲುವವರ ಪರವಾಗಿ ಮಾತಾಡಲು ಅಲ್ಲೊಬ್ಬರು ಬೇಕಿತ್ತು.